ಉಣ್ಣದ ಗೋಸುಂಬೆಯ ಮರಿ

ಆಡಿದ ಮಾತನ್ನು ಗಳಿಗೆಗೊಮ್ಮೆ ಬದಲಿಸುವ ಮನುಷ್ಯನನ್ನು ಗೋಸುಂಬೆಯೆಂದು ಹಳಿಯುವುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಆ ಹೆಸರನ್ನು ಬೈಗುಳವಾಗಿ ಬಳಸುವವರು ಊರು ತುಂಬ ಇದ್ದಾರೆ. ಆ ಪ್ರಾಣಿಯನ್ನು ಕಣ್ಣಾರೆ ಕಂಡವರು ಮಾತ್ರ ವಿರಳ. ಕಂಡವರಲ್ಲಿಯೂ ಕೆಲವರು ಅದನ್ನು ವಿಷಜಂತುವೆಂದು ಭ್ರಮಿಸಿ ಕಲ್ಲೆಸೆಯುತ್ತಾರೆ. ಇನ್ನು ಕೆಲವರು, ವಿಶೇಷವಾಗಿ ಮಕ್ಕಳು, ಅದರ ವಿಚಿತ್ರ ರೂಪಕ್ಕೂ ನಿಧಾನದ ನಡೆಗೂ ಮರುಳಾಗಿ ಮನೆಗೆ ತರುತ್ತಾರೆ. ಕಲ್ಲೇಟು ತಿಂದ ಗೋಸುಂಬೆ ಆ ಕ್ಷಣದಲ್ಲಿಯೇ ಸಾಯುತ್ತದೆ. ಪ್ರೀತಿಯಿಂದ ಮನೆಗೆ ಬಂದದ್ದಾದರೋ, ಎದುರಿನಲ್ಲಿ ಹುಳುಗಳು ಹರಿದಾಡುತ್ತಿದ್ದರೂ ಬಾಯಿ ತೆರೆಯದೆ, ದಿನದಿಂದ ದಿನಕ್ಕೆ ಸೊರಗಿ ಸಾಯುವುದುಂಟು.

ಈ ಎರಡನೆಯ ಬಗೆಯ ಸಾವೇ ಪ್ರಸ್ತುತ ಲೇಖನದ ವಿಷಯ. ಹುಳು ಎದುರಿಗಿದ್ದರೂ ಮರಿಯು ಏಕೆ ತಿನ್ನುವುದಿಲ್ಲ? ಅದನ್ನು ಉಳಿಸಿಕೊಳ್ಳಲು ನಾವು ಏನು ಮಾಡಬಹುದು, ಏನು ಮಾಡಬಾರದು? ಉತ್ತರವನ್ನು ಹುಡುಕಹೊರಟರೆ ಪ್ರಾಣಿಶಾಸ್ತ್ರದ ಜೊತೆಗೆ ಭೌತಶಾಸ್ತ್ರದ ಹಲವು ಪಾಠಗಳನ್ನೂ ನೆನೆಯಬೇಕಾಗುತ್ತದೆ. ಶಾಖ, ಬೆಳಕು, ಸ್ಥಿತಿಸ್ಥಾಪಕತೆ, ದ್ರವಗಳ ಸ್ನಿಗ್ಧತೆ ಇವೆಲ್ಲವೂ ಈ ಪುಟ್ಟ ಪ್ರಾಣಿಯ ಒಂದು ತುತ್ತಿನಲ್ಲಿ ಅಡಗಿವೆ.

ಗೋಸುಂಬೆ ಯಾವುದು, ಓತಿ ಯಾವುದು?

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ಬೇಲಿಯ ಮೇಲೆ ಕುಳಿತು ತಲೆಯಾಡಿಸುವ, ಬೆದೆಯ ಕಾಲದಲ್ಲಿ ಗಂಡಿನ ಕೊರಳು ಕೆಂಪೇರುವ, ಹತ್ತಿರ ಹೋದೊಡನೆ ಸರ್ರನೆ ಓಡಿಹೋಗುವ ಪ್ರಾಣಿಯು ಓತಿಕ್ಯಾತ. ಅದು ಕೂಡ ಸ್ವಲ್ಪಮಟ್ಟಿಗೆ ಬಣ್ಣ ಬದಲಿಸುವುದರಿಂದ ಅದನ್ನೇ ಗೋಸುಂಬೆ ಅಥವಾ ಊಸರವಳ್ಳಿ ಎಂದು ಕರೆಯುವವರಿದ್ದಾರೆ. ನಿಜವಾದ ಗೋಸುಂಬೆ ಬೇರೆಯೇ ಕುಲದ್ದು. ಪ್ರಪಂಚದಲ್ಲಿ ಇನ್ನೂರಕ್ಕೂ ಮಿಕ್ಕಿದ ಜಾತಿಯ ಗೋಸುಂಬೆಗಳಿದ್ದು, ಅವುಗಳಲ್ಲಿ ಬಹುಪಾಲು ಮಡಗಾಸ್ಕರ್ ದ್ವೀಪದಲ್ಲಿಯೂ ಆಫ್ರಿಕ ಖಂಡದಲ್ಲಿಯೂ ವಾಸಿಸುತ್ತವೆ. ಭಾರತದ ಪಾಲಿಗೆ ಬಂದಿರುವುದು ಒಂದೇ ಜಾತಿ. ಶಾಸ್ತ್ರಜ್ಞರು ಅದಕ್ಕೆ ಕಮೀಲಿಯೊ ಜೈಲಾನಿಕಸ್ ಎಂದು ಹೆಸರಿಟ್ಟಿದ್ದಾರೆ. ನಮ್ಮ ದೇಶವಲ್ಲದೆ ಶ್ರೀಲಂಕೆಯಲ್ಲಿಯೂ ಪಾಕಿಸ್ತಾನದಲ್ಲಿಯೂ ಅದು ಉಂಟು.

ಈ ಪ್ರಾಣಿಯ ಗುರುತು ಹಿಡಿಯುವುದು ಕಷ್ಟವಲ್ಲ. ಎರಡು ಪಕ್ಕಗಳಿಂದ ಅದುಮಿದಂತೆ ಎಲೆಯಾಕಾರದ ಚಪ್ಪಟೆ ಮೈ. ತಲೆಯ ಮೇಲೆ ಶಿರಸ್ತ್ರಾಣದಂತಹ ಏಣು. ಕೊಂಬೆಗೆ ಸುತ್ತಿಕೊಳ್ಳುವ ಬಾಲ. ಬೆರಳುಗಳು ಎರಡು ಕಟ್ಟುಗಳಾಗಿ ಕೂಡಿಕೊಂಡು ಇಕ್ಕಳದಂತೆ ರೆಂಬೆಯನ್ನು ಕಚ್ಚುತ್ತವೆ. ಮುಂಗಾಲಿನಲ್ಲಿ ಒಳಗಡೆ ಮೂರು, ಹೊರಗಡೆ ಎರಡು. ಹಿಂಗಾಲಿನಲ್ಲಿ ಇದಕ್ಕೆ ತಿರುಗುಮುರುಗು. ಕಣ್ಣುಗಳು ಚಿಕ್ಕ ಗೋಪುರಗಳಂತೆ ಉಬ್ಬಿದ್ದು, ಒಂದು ಮುಂದಕ್ಕೆ ನೋಡುವಾಗ ಮತ್ತೊಂದು ಹಿಂದಕ್ಕೆ ನೋಡಬಲ್ಲದು. ವಿಷ ಎಂಬುದು ಅದರ ಮೈಯಲ್ಲಿ ಎಲ್ಲಿಯೂ ಇಲ್ಲ.

ಗೋಸುಂಬೆಗೆ ಒಗ್ಗಿದ ನಾಡು ಬಯಲುಸೀಮೆ. ಕುರುಚಲು ಕಾಡು, ಜಾಲಿಯ ಮರ, ಹೊಲದ ಬದು, ಒಣಭೂಮಿಯ ಪೊದೆ ಇವೇ ಅದರ ಮನೆ. ಕರಾವಳಿಯ ತೇವಭರಿತ ಅಡಕೆ ತೋಟಗಳಲ್ಲಿ ನಮಗೆ ದಿನವೂ ಎದುರಾಗುವುದು ಓತಿಯೇ ಹೊರತು ಗೋಸುಂಬೆಯಲ್ಲ. ಮುಂದೆ ಹೇಳುವ ಸಂಗತಿಯ ಅರ್ಥವಾಗಬೇಕಾದರೆ ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು.

ವೇಣೂರಿನ ಒಂದು ಮಳೆಗಾಲ

ಬೆಳ್ತಂಗಡಿ ತಾಲ್ಲೂಕಿನ ವೇಣೂರು ಫಲ್ಗುಣಿ ನದಿಯ ದಡದಲ್ಲಿರುವ ಊರು. ೧೬೦೪ರಲ್ಲಿ ಅಜಿಲ ಅರಸನಾದ ತಿಮ್ಮಣ್ಣನು ಅಲ್ಲಿ ಸ್ಥಾಪಿಸಿದ ಮೂವತ್ತೈದು ಅಡಿ ಎತ್ತರದ ಗೊಮ್ಮಟನಿಂದ ಆ ಊರು ಪ್ರಸಿದ್ಧವಾಗಿದೆ. ಕೆಲವು ವರ್ಷಗಳ ಹಿಂದೆ, ಜೂನ್ ತಿಂಗಳಿನ ನಡುವಿನಲ್ಲಿ, ಅಲ್ಲಿಂದ ಬರುವ ನಮ್ಮ ವಿದ್ಯಾರ್ಥಿಯೊಬ್ಬನು ತರಗತಿ ಮುಗಿದ ಮೇಲೆ ನಿಂತು, ತನ್ನ ತಮ್ಮನ ಗೋಸುಂಬೆಯು ಎಂಟು ದಿನಗಳಿಂದ ಏನೂ ತಿಂದಿಲ್ಲವೆಂದು ತಿಳಿಸಿದನು. ಹಿರಿಯೂರಿನ ಕಡೆ ಮದುವೆಗೆಂದು ಹೋದ ಮನೆಯವರು ಹಿಂದಿರುಗುವಾಗ, ರಸ್ತೆ ದಾಟುತ್ತಿದ್ದ ಮರಿಯನ್ನು ವಾಹನದ ಚಕ್ರದಿಂದ ತಪ್ಪಿಸಿ, ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದಿದ್ದರಂತೆ.

ನಾವು ಹೋಗಿ ನೋಡಿದಾಗ ಮರಿಯು ಗಾಜಿನ ತೊಟ್ಟಿಯೊಂದರಲ್ಲಿ ಕಿಟಕಿಯ ಬಳಿ ಇತ್ತು. ಬಾಲವನ್ನು ಬಿಟ್ಟರೆ ಬೆರಳುದ್ದಕ್ಕಿಂತ ಸ್ವಲ್ಪ ಹೆಚ್ಚು. ಮೈಬಣ್ಣ ಕಂದುಗಪ್ಪು, ಕಣ್ಣಿನ ಗೋಪುರಗಳು ಒಳಸರಿದಿದ್ದವು, ಹಗಲು ಹನ್ನೊಂದು ಗಂಟೆಗೆ ಒಂದು ಕಣ್ಣು ಮುಚ್ಚಿತ್ತು. ತಟ್ಟೆಯಲ್ಲಿ ನೀರು ತುಂಬಿತ್ತು, ಮಿಡತೆಗಳು ಗಾಜಿನ ಮೇಲೆ ಹತ್ತಿಳಿಯುತ್ತಿದ್ದವು. ಹೊರಗೆ ಧೋ ಎಂದು ಮಳೆ. ಮನೆಯ ಅಜ್ಜಿ, "ಎರಡು ಅಗುಳು ಅನ್ನ ಹಿಸುಕಿ ಬಾಯಿಗೆ ಇಟ್ಟು ನೋಡು ಮಗಾ" ಎಂದು ಮೊಮ್ಮಗನಿಗೆ ಹೇಳುತ್ತಿದ್ದರು. ಹುಡುಗನು ನಮ್ಮ ಮುಖವನ್ನೇ ನೋಡುತ್ತ, "ಬಿಸಿಲು ಬೇಕು ಅಂತ ಅಣ್ಣ ಹೇಳ್ತಾನೆ ಸರ್. ಈ ಮಳೆಯಲ್ಲಿ ಬಿಸಿಲು ಎಲ್ಲಿಂದ ತರುವುದು?" ಎಂದು ಕೇಳಿದನು.

ಅಡಿಗೆಮನೆಯಲ್ಲಿದ್ದ ವಿದ್ಯುತ್ ತಕ್ಕಡಿಯ ಮೇಲೆ ಮರಿಯನ್ನು ಇಟ್ಟಾಗ ಹನ್ನೊಂದು ಗ್ರಾಂ ತೂಗಿತು. ತೊಟ್ಟಿಯ ಒಳಗಿನ ಉಷ್ಣತೆ ೨೪ ಡಿಗ್ರಿ ಸೆಲ್ಸಿಯಸ್. ಆ ಹುಡುಗನ ಪ್ರಶ್ನೆ ಸರಿಯಾದ ಜಾಗಕ್ಕೇ ಬಂದು ಮುಟ್ಟಿತ್ತು.

ಶಾಖವಿಲ್ಲದೆ ಹಸಿವಿಲ್ಲ

ನಾವು ಉಂಡ ಅನ್ನದ ಬಹುಭಾಗ ನಮ್ಮ ಮೈಯನ್ನು ೩೭ ಡಿಗ್ರಿಯಲ್ಲಿ ಕಾಯ್ದುಕೊಳ್ಳುವುದಕ್ಕೇ ವೆಚ್ಚವಾಗುತ್ತದೆ. ಗೋಸುಂಬೆಯಂತಹ ಸರೀಸೃಪಗಳು ಈ ವೆಚ್ಚವನ್ನು ಮಾಡುವುದಿಲ್ಲ. ಅವುಗಳ ಒಲೆ ಸೂರ್ಯ. ಬೆಳಗಿನಲ್ಲಿ ಬಿಸಿಲಿಗೆ ಮೈಯನ್ನು ಅಡ್ಡಲಾಗಿ ಒಡ್ಡಿ, ಬಣ್ಣವನ್ನು ಕಪ್ಪಾಗಿಸಿಕೊಂಡು ಶಾಖವನ್ನು ಹೀರುತ್ತವೆ. ಸಾಕಷ್ಟು ಬಿಸಿಯಾದೊಡನೆ ಬಣ್ಣವನ್ನು ತಿಳಿಯಾಗಿಸಿಕೊಂಡು ನೆರಳಿಗೆ ಸರಿಯುತ್ತವೆ. ಕಪ್ಪು ಮೈ ಬೆಳಕನ್ನು ಹೀರುತ್ತದೆ, ಬಿಳಿ ಮೈ ಹಿಂದಕ್ಕೆ ಕಳುಹಿಸುತ್ತದೆ ಎಂಬ ಶಾಲೆಯ ಪಾಠ ಇಲ್ಲಿ ಜೀವಂತವಾಗಿ ಕಾಣುತ್ತದೆ. ಹೀಗೆ ಬಯಲಿನ ಗೋಸುಂಬೆಗಳು ಹಗಲಿನಲ್ಲಿ ತಮ್ಮ ಮೈಯನ್ನು ೩೦ ಡಿಗ್ರಿಯ ಆಸುಪಾಸಿಗೆ ತಂದುಕೊಳ್ಳುತ್ತವೆ.

ಮೈಯೊಳಗೆ ನಡೆಯುವ ರಾಸಾಯನಿಕ ಕ್ರಿಯೆಗಳ ವೇಗವು ಉಷ್ಣತೆ ೧೦ ಡಿಗ್ರಿ ಇಳಿದರೆ ಅರ್ಧಕ್ಕೋ ಮೂರನೆಯ ಒಂದು ಪಾಲಿಗೋ ಇಳಿಯುತ್ತದೆ. ಜಠರದ ಪಾಚಕ ರಸಗಳಿಗೂ ಈ ನಿಯಮ ತಪ್ಪಿದ್ದಲ್ಲ. ತಣ್ಣಗಾದ ಗೋಸುಂಬೆಯ ಹೊಟ್ಟೆಗೆ ಬಿದ್ದ ಹುಳು ಜೀರ್ಣವಾಗುವ ಮೊದಲೇ ಕೊಳೆಯಲು ತೊಡಗಬಹುದು. ಆದಕಾರಣ ತಣ್ಣನೆಯ ಪ್ರಾಣಿಯು ತಿನ್ನದಿರುವುದು ಹಟವಲ್ಲ. ಅದರ ಪಾಲಿಗೆ ಅದೊಂದು ರಕ್ಷಣೆ.

ಇಲ್ಲಿ ಮರಿ ಎಂಬ ಮಾತಿಗೂ ವಿಶೇಷ ಬೆಲೆಯುಂಟು. ಒಂದು ಘನವಸ್ತುವಿನ ಅಳತೆಯನ್ನು ಅರ್ಧಕ್ಕೆ ಇಳಿಸಿದರೆ ಅದರ ಮೇಲ್ಮೈ ನಾಲ್ಕನೆಯ ಒಂದು ಪಾಲಾಗುತ್ತದೆ, ಗಾತ್ರವಾದರೋ ಎಂಟನೆಯ ಒಂದು ಪಾಲಾಗುತ್ತದೆ. ಎಂದರೆ ಚಿಕ್ಕ ಮೈಗೆ ಅದರ ತೂಕಕ್ಕೆ ಹೋಲಿಸಿದಲ್ಲಿ ಚರ್ಮ ಹೆಚ್ಚು. ಶಾಖವೂ ನೀರೂ ಸೋರಿಹೋಗುವುದು ಚರ್ಮದ ಮೂಲಕ. ಕೂಡಿಟ್ಟ ಕೊಬ್ಬಾದರೋ ಮರಿಯಲ್ಲಿ ಕಡಮೆ. ಬೆಳೆದ ಗೋಸುಂಬೆ ಹಲವು ದಿನ ಉಪವಾಸವಿದ್ದರೂ ತಡೆದುಕೊಂಡೀತು. ಮರಿಗೆ ಆ ಸಾವಕಾಶವಿಲ್ಲ.

ಈಗ ಹಿರಿಯೂರಿನಿಂದ ವೇಣೂರಿಗೆ ಬಂದ ಮರಿಯ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಚಿತ್ರದುರ್ಗದ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ೬೦೦ ಮಿಲಿಮೀಟರಿನ ಸುತ್ತಮುತ್ತ. ದಕ್ಷಿಣ ಕನ್ನಡದಲ್ಲಿ ಸುಮಾರು ೪೦೦೦ ಮಿಲಿಮೀಟರು, ಅದರಲ್ಲಿಯೂ ಬಹುಭಾಗ ನಾಲ್ಕು ತಿಂಗಳುಗಳಲ್ಲಿ. ದಿನಗಟ್ಟಲೆ ಸೂರ್ಯದರ್ಶನವಿಲ್ಲ. ಗಾಳಿ ಎಷ್ಟು ಬೆಚ್ಚಗಿದೆಯೋ ಮರಿಯೂ ಅಷ್ಟೇ ಬೆಚ್ಚಗೆ. ನಮಗೆ ಹಿತವೆನಿಸುವ ೨೪ ಡಿಗ್ರಿ ಅದಕ್ಕೆ ಹಗಲೆಲ್ಲ ರಾತ್ರಿಯಿದ್ದಂತೆ.

ಕೃತಕವಾಗಿ ಶಾಖ ಕೊಡಬಹುದು. ಹಳೆಯ ತಂತಿಯ ಬಲ್ಬು ತಾನು ಪಡೆದ ವಿದ್ಯುತ್ತಿನ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಶಾಖವಾಗಿಯೇ ಹೊರಸೂಸುತ್ತದೆ. ಬೆಳಕಿಗಾಗಿ ಇದು ದುಂದು, ಗೋಸುಂಬೆಗಾದರೆ ವರ. ಇಂದು ಮನೆಮನೆಗಳಲ್ಲಿರುವ ಎಲ್‌ಇಡಿ ದೀಪಗಳ ಕಿರಣಗಳಲ್ಲಿ ಇಂತಹ ಶಾಖ ಇಲ್ಲವೆನ್ನುವಷ್ಟು ಕಡಮೆ. ಅವುಗಳ ಕೆಳಗೆ ಪ್ರಾಣಿಯನ್ನು ಇಟ್ಟು ಬಿಸಿಲು ಕೊಟ್ಟೆವೆಂದು ತಿಳಿಯಬಾರದು. ತಂತಿಯ ಬಲ್ಬನ್ನು ಇಡುವಾಗಲೂ ಎಚ್ಚರ ಬೇಕು. ದೂರವನ್ನು ಅರ್ಧಕ್ಕಿಳಿಸಿದರೆ ಮೈಮೇಲೆ ಬೀಳುವ ಶಾಖ ಸುಮಾರು ನಾಲ್ಮಡಿಯಾಗುತ್ತದೆ. ಹತ್ತಿರದ ಬಲ್ಬಿನಿಂದ ಬೆನ್ನು ಸುಟ್ಟುಕೊಂಡ ಗೋಸುಂಬೆಗಳುಂಟು. ರೆಂಬೆಯ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪಾಗಿರಬೇಕು. ಎಲ್ಲಿ ಕೂರಬೇಕೆಂಬುದನ್ನು ನಿರ್ಧರಿಸಲು ಪ್ರಾಣಿಗಿಂತ ಉತ್ತಮ ಉಷ್ಣತಾಮಾಪಕ ಇನ್ನೊಂದಿಲ್ಲ.

ನಾಲಗೆಯೆಂಬ ಬಿಲ್ಲು

ತಣ್ಣಗಾದ ಮರಿಗೆ ನಾಲಗೆಯನ್ನು ಎಸೆಯಲು ಶಕ್ತಿ ಸಾಲದೆಂದು ಕೆಲವರು ಭಾವಿಸುತ್ತಾರೆ. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ೨೦೧೦ರಲ್ಲಿ ಕ್ರಿಸ್ಟೊಫರ್ ಆಂಡರ್ಸನ್ ಮತ್ತು ಸ್ಟೀಫನ್ ಡೆಬಾನ್ ಎಂಬ ಅಮೆರಿಕದ ವಿಜ್ಞಾನಿಗಳು ಗೋಸುಂಬೆಗಳನ್ನು ಬೇರೆ ಬೇರೆ ಉಷ್ಣತೆಗಳಲ್ಲಿಟ್ಟು ಅವು ಹುಳು ಹಿಡಿಯುವುದನ್ನು ಅತಿವೇಗದ ಕ್ಯಾಮೆರದಿಂದ ಚಿತ್ರಿಸಿದರು. ಉಷ್ಣತೆ ೧೦ ಡಿಗ್ರಿ ಇಳಿದಾಗ ನಾಲಗೆಯನ್ನು ಎಸೆಯುವ ಸಾಮರ್ಥ್ಯದಲ್ಲಿ ಆದ ಇಳಿತ ಶೇಕಡ ೧೦ರಿಂದ ೧೯ ಮಾತ್ರ. ಅದನ್ನು ಹಿಂದಕ್ಕೆ ಸೆಳೆದುಕೊಳ್ಳುವ ಸಾಮರ್ಥ್ಯವಾದರೋ ಶೇಕಡ ೪೨ಕ್ಕಿಂತ ಹೆಚ್ಚು ಕುಗ್ಗಿತು.

ಈ ಅಂತರಕ್ಕೆ ಕಾರಣ ಸ್ವಾರಸ್ಯವಾಗಿದೆ. ನಾಲಗೆಯನ್ನು ಹಿಂದಕ್ಕೆ ಎಳೆಯುವುದು ನೇರವಾಗಿ ಸ್ನಾಯುವಿನ ಕೆಲಸ. ಸ್ನಾಯು ತಣ್ಣಗಾದರೆ ಸೋಮಾರಿಯಾಗುತ್ತದೆ. ಮುಂದಕ್ಕೆ ಎಸೆಯುವುದಾದರೋ ಬಿಲ್ಲಿನ ಕೆಲಸ. ನಾಲಗೆಯ ನಡುವೆ ಒಂದು ನಯವಾದ ಮೃದ್ವಸ್ಥಿಯ ಕಡ್ಡಿಯಿದೆ. ಅದರ ಸುತ್ತ ನಾರಿನಂತಹ ಹಿಗ್ಗುವ ಪೊರೆಗಳು ಒಂದರೊಳಗೊಂದು ಇವೆ. ಹೊರಗಿನ ಸ್ನಾಯು ಮೆಲ್ಲನೆ ಬಿಗಿಯುತ್ತ ಈ ಪೊರೆಗಳನ್ನು ಹಿಗ್ಗಿಸಿ ಶಕ್ತಿಯನ್ನು ಕೂಡಿಡುತ್ತದೆ. ಪೊರೆಗಳು ಕಡ್ಡಿಯ ತುದಿಯಿಂದ ಜಾರಿದೊಡನೆ ಆ ಶಕ್ತಿಯೆಲ್ಲ ಒಮ್ಮೆಲೆ ಬಿಡುಗಡೆಯಾಗಿ ನಾಲಗೆ ಬಾಣದಂತೆ ಚಿಮ್ಮುತ್ತದೆ. ಬಿಲ್ಲನ್ನು ನಿಧಾನವಾಗಿ ಬಗ್ಗಿಸಿದರೂ ಬಾಣದ ವೇಗ ಕುಂದದಷ್ಟೆ. ಆಫ್ರಿಕದ ಪುಟ್ಟ ಗೋಸುಂಬೆಯೊಂದರ ನಾಲಗೆಯ ವೇಗೋತ್ಕರ್ಷವು ಭೂಮಿಯ ಗುರುತ್ವದ ೨೬೪ ಪಟ್ಟು ಇರುವುದನ್ನು ಆಂಡರ್ಸನ್ನರು ೨೦೧೬ರಲ್ಲಿ ಪ್ರಕಟಿಸಿದರು. ಅದೇ ವರ್ಷ ಐರೋಪ್ಯ ಸಂಶೋಧಕರು ನಾಲಗೆಯ ತುದಿಯ ಲೋಳೆಯು ಮನುಷ್ಯನ ಜೊಲ್ಲಿಗಿಂತ ಸುಮಾರು ೪೦೦ ಪಟ್ಟು ಸ್ನಿಗ್ಧವೆಂದು ಅಳೆದು ತೋರಿಸಿದರು. ಹುಳು ಅಂಟಿಕೊಳ್ಳುವುದು ಈ ಗಟ್ಟಿ ಲೋಳೆಗೆ.

ಉಪಚಾರಕ್ಕೂ ಈ ಶೋಧನೆಗೂ ಸಂಬಂಧವುಂಟು. ಮರಿಯು ಹುಳುವಿನ ಕಡೆ ಎರಡು ಕಣ್ಣುಗಳನ್ನೂ ತಿರುಗಿಸಿ, ಬಾಯಿ ತುಸು ತೆರೆದು, ನಾಲಗೆ ಎಸೆದು ಗುರಿ ತಪ್ಪಿದರೆ ಅದು ಒಂದು ಬಗೆಯ ತೊಂದರೆ. ಹುಳುವಿನ ಕಡೆ ನೋಡುವುದೇ ಇಲ್ಲವಾದರೆ ಬೇರೆ ಬಗೆಯದು. ಮೊದಲನೆಯದರಲ್ಲಿ ಕಣ್ಣು, ನಾಲಗೆ ಅಥವಾ ಬಾಯಿಯ ರೋಗವನ್ನು ಸಂದೇಹಿಸಬೇಕು. ಎರಡನೆಯದರಲ್ಲಿ ಚಳಿ, ಬಾಯಾರಿಕೆ, ಭಯ, ಹೊಟ್ಟೆಯ ಹುಳು ಇವುಗಳನ್ನು ಹುಡುಕಬೇಕು.

ಕಣ್ಣು ಮತ್ತು ಭಯ

ನಾವು ಎರಡು ಕಣ್ಣುಗಳ ನೋಟಗಳನ್ನು ಹೋಲಿಸಿ ದೂರವನ್ನು ತಿಳಿಯುತ್ತೇವೆ. ಗೋಸುಂಬೆಯಾದರೋ ಕ್ಯಾಮೆರದಂತೆ ಮಸೂರವನ್ನು ಹೊಂದಿಸಿ, ಬಿಂಬ ಸ್ಫುಟವಾಗಲು ಎಷ್ಟು ಹೊಂದಿಸಬೇಕಾಯಿತು ಎಂಬುದರಿಂದಲೇ ದೂರವನ್ನು ಅಳೆಯುತ್ತದೆಂದು ೧೯೭೭ರಲ್ಲಿ ಹಾರ್ಕ್‌ನೆಸ್ ಎಂಬ ಸಂಶೋಧಕರು ತೋರಿಸಿದರು. ೧೯೯೫ರಲ್ಲಿ ಆಟ್ ಮತ್ತು ಶೇಫೆಲ್ ಎಂಬುವರು ಅದರ ಕಣ್ಣಿನ ಮಸೂರ ನಮ್ಮದರಂತೆ ಕಿರಣಗಳನ್ನು ಒಗ್ಗೂಡಿಸದೆ ಚದರಿಸುವ ಬಗೆಯದೆಂದು ಕಂಡುಹಿಡಿದರು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ ಒಗ್ಗೂಡಿಸಿದ್ದನ್ನು ಮಸೂರ ಅಗಲಿಸುವುದರಿಂದ, ದೂರದರ್ಶಕ ಮಸೂರಗಳಲ್ಲಿರುವಂತೆ, ಬಿಂಬ ದೊಡ್ಡದಾಗುತ್ತದೆ. ಇಷ್ಟು ನಾಜೂಕಾದ ಉಪಕರಣ ಊದಿಕೊಂಡರೆ ಅಥವಾ ನೀರಿಲ್ಲದೆ ಒಳಸರಿದರೆ ಬೇಟೆ ಸಾಗುವುದಿಲ್ಲ. ಹಗಲಿನಲ್ಲಿ ಕಣ್ಣು ಮುಚ್ಚಿಕೊಂಡಿರುವ ಗೋಸುಂಬೆಯು ನಿದ್ರಿಸುತ್ತಿದೆಯೆಂದು ತಿಳಿಯುವುದು ಅಪಾಯ. ಅದು ರೋಗದ ಗುರುತು.

ಅದರ ಭಯವೂ ಕಣ್ಣಿನ ಮೂಲಕವೇ ಬರುವಂಥದು. ಗಾಜಿನ ತೊಟ್ಟಿಯಲ್ಲಿ ತನ್ನ ಪ್ರತಿಬಿಂಬವನ್ನು ಕಂಡರೆ ಎದುರಾಳಿಯೆಂದು ತಿಳಿಯುತ್ತದೆ. ಎತ್ತರದಿಂದ ಬರುವ ಕೈ ಅದಕ್ಕೆ ಹದ್ದಿಗೆ ಸಮಾನ. ಗಳಿಗೆಗೊಮ್ಮೆ ಬಂದು ನೋಡುವ ಮಕ್ಕಳೂ ಮೇಲೆ ಹತ್ತಿಳಿಯುವ ಮಿಡತೆಗಳೂ ಅದನ್ನು ಕಂಗೆಡಿಸುತ್ತವೆ. ರಾತ್ರಿ ತಿನ್ನದ ಮಿಡತೆ ನಿದ್ರಿಸುವ ಮರಿಯ ಚರ್ಮವನ್ನು ಕಚ್ಚುವುದೂ ಉಂಟು.

ಬಣ್ಣದ ವಿಷಯವಾಗಿಯೂ ಒಂದು ಮಾತು. ಗೋಸುಂಬೆಯು ಕುಳಿತ ಜಾಗದ ಬಣ್ಣಕ್ಕೆ ತಕ್ಕಂತೆ ಬದಲಾಗುತ್ತದೆಂಬುದು ಜನರ ನಂಬಿಕೆ. ನಿಜದಲ್ಲಿ ಬದಲಾವಣೆಗೆ ಶಾಖ, ಬೆಳಕು, ಸಿಟ್ಟು, ಭಯ, ಬೆದೆ ಇವು ಮುಖ್ಯ ಕಾರಣಗಳು. ಜಿನೀವದ ಮಿಲಿಂಕೊವಿಚ್ ಮತ್ತು ಅವರ ಸಂಗಡಿಗರು ೨೦೧೫ರಲ್ಲಿ ಮಡಗಾಸ್ಕರಿನ ಗೋಸುಂಬೆಯೊಂದರ ಚರ್ಮವನ್ನು ಪರೀಕ್ಷಿಸಿ, ಅದರ ಕೆಲವು ಕೋಶಗಳಲ್ಲಿ ಗ್ವಾನೀನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳು ಜಾಲರಿಯಂತೆ ಜೋಡಿಸಿರುವುದನ್ನು ಕಂಡರು. ಶಾಂತವಾಗಿದ್ದಾಗ ಹರಳುಗಳು ಒತ್ತೊತ್ತಾಗಿದ್ದು ನೀಲಿಯನ್ನು ಪ್ರತಿಫಲಿಸುತ್ತವೆ. ಚರ್ಮದ ಹಳದಿಯೊಡನೆ ಬೆರೆತು ಅದು ಹಸುರಾಗಿ ಕಾಣುತ್ತದೆ. ಉದ್ರೇಕಗೊಂಡಾಗ ಹರಳುಗಳ ನಡುವಣ ಅಂತರ ಹೆಚ್ಚಿ, ಹಳದಿ ಕೆಂಪುಗಳು ಹೊಮ್ಮುತ್ತವೆ. ನಮ್ಮ ಮರಿಯ ವಿಷಯದಲ್ಲಿ ತಿಳಿದಿರಬೇಕಾದುದು ಇಷ್ಟೆ: ಬಿಸಿಲಿಲ್ಲದೆಯೂ ದಿನವಿಡೀ ಕಪ್ಪಾಗಿರುವ ಗೋಸುಂಬೆ ಚಳಿಯಿಂದಲೋ ಭೀತಿಯಿಂದಲೋ ನರಳುತ್ತಿದೆ.

ತಟ್ಟೆಯ ನೀರು ಕಾಣದು

ಗೋಸುಂಬೆಯು ನಿಂತ ನೀರನ್ನು ನೀರೆಂದು ಗುರುತಿಸುವುದು ಅಪೂರ್ವ. ಎಲೆಯ ಮೇಲೆ ಹೊಳೆಯುವ ಹನಿ, ಜಾರುವ ಇಬ್ಬನಿ, ಮಳೆಯ ತೊಟ್ಟು ಇವನ್ನೇ ಅದು ನೆಕ್ಕುತ್ತದೆ. ಹೀಗಾಗಿ ತುಂಬಿದ ತಟ್ಟೆಯ ಪಕ್ಕದಲ್ಲಿಯೇ ಬಾಯಾರಿ ಸಾಯಬಹುದು. ನೀರು ಸಾಲದಾದಾಗ ಕಣ್ಣುಗಳು ಕುಸಿಯುತ್ತವೆ, ಚರ್ಮ ಸುಕ್ಕುಗಟ್ಟುತ್ತದೆ. ಸರೀಸೃಪಗಳ ಮೂತ್ರ ಬಹುಮಟ್ಟಿಗೆ ಬಿಳಿಯ ಪಿಷ್ಟದಂತೆ ಮಲದೊಡನೆ ಬರುತ್ತದೆ. ಅದು ಬಿಳಿಯಾಗಿರದೆ ಗಾಢವಾದ ಹಳದಿ ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಮೈಯಲ್ಲಿ ನೀರು ಕಡಮೆಯಾಗಿದೆಯೆಂದು ತಿಳಿಯಬೇಕು. ಬಾಯಾರಿದ ಪ್ರಾಣಿಗೆ ಹಸಿವೆಯೂ ಇರದು. ಒಣಗಿದ ಕರುಳಿಗೆ ಆಹಾರ ತಳ್ಳುವುದು ಹಾನಿಕರವೂ ಹೌದು. ಆದಕಾರಣ ಮೊದಲು ಶಾಖ, ಬಳಿಕ ನೀರು, ಎಲ್ಲಕ್ಕಿಂತ ಕೊನೆಗೆ ಆಹಾರ ಎಂಬ ಕ್ರಮವನ್ನು ಮರೆಯಬಾರದು.

ನೀರು ಕೊಡುವ ಉಪಾಯ ಸುಲಭ. ಡಬ್ಬಿಯೊಂದರ ತಳದಲ್ಲಿ ಸೂಜಿಯಿಂದ ರಂಧ್ರ ಮಾಡಿ, ಎಲೆಗಳುಳ್ಳ ಕುಂಡದ ಗಿಡದ ಮೇಲೆ ತೂಗಿಹಾಕಿದರೆ ಹನಿಹನಿಯಾಗಿ ನೀರು ಎಲೆಯಿಂದ ಎಲೆಗೆ ಇಳಿಯುತ್ತದೆ. ಮರಿಯು ಒಮ್ಮೊಮ್ಮೆ ಅರ್ಧ ಗಂಟೆಯ ಬಳಿಕ ನೆಕ್ಕಲು ತೊಡಗುತ್ತದೆ. ಬಾಯಿಗೆ ನೇರವಾಗಿ ನೀರು ಸುರಿಯುವುದು ಸಲ್ಲದು. ಅದರ ಶ್ವಾಸನಾಳದ ದ್ವಾರ ಬಾಯಿಯ ಮುಂಭಾಗದಲ್ಲಿಯೇ ಇರುವುದರಿಂದ ನೀರು ಪುಪ್ಪುಸಕ್ಕೆ ಇಳಿಯಬಹುದು.

ಬೆಳಕು ಮತ್ತು ಎಲುಬು

ಬಿಸಿಲಿನಿಂದ ಶಾಖದಷ್ಟೇ ಮುಖ್ಯವಾದ ಇನ್ನೊಂದು ಲಾಭವುಂಟು. ಸೂರ್ಯನ ಕಿರಣಗಳಲ್ಲಿ ೨೯೦ರಿಂದ ೩೧೫ ನ್ಯಾನೊಮೀಟರ್ ಅಲೆಯುದ್ದದ ನೇರಳಾತೀತ ಭಾಗವು ಚರ್ಮದಲ್ಲಿರುವ ಒಂದು ಕೊಬ್ಬಿನಂತಹ ವಸ್ತುವನ್ನು ಮಾರ್ಪಡಿಸುತ್ತದೆ. ಹಾಗೆ ಮಾರ್ಪಟ್ಟ ವಸ್ತು ಮೈಯ ಶಾಖದಿಂದ ಮೆಲ್ಲನೆ 'ಡಿ' ಜೀವಸತ್ತ್ವವಾಗುತ್ತದೆ. ಈ ಕೆಲಸಕ್ಕೆ ಬೆಳಕು ಮತ್ತು ಶಾಖ ಎರಡೂ ಬೇಕೆಂಬುದನ್ನು ಗಮನಿಸಬೇಕು. ಜೀವಸತ್ತ್ವವಿಲ್ಲದೆ ಕರುಳು ಆಹಾರದ ಸುಣ್ಣಾಂಶವನ್ನು ಚೆನ್ನಾಗಿ ಹೀರಲಾರದು. ಬೆಳೆಯುವ ಮರಿಗೆ ಸುಣ್ಣಾಂಶ ಸಾಲದಾದರೆ ಎಲುಬು ಮೆತ್ತಗಾಗಿ ಕಾಲುಗಳು ಬಾಗುತ್ತವೆ, ದವಡೆ ರಬ್ಬರಿನಂತಾಗುತ್ತದೆ, ನಾಲಗೆಯನ್ನು ಎಸೆಯುವ ಸ್ನಾಯುಗಳು ಸೋಲುತ್ತವೆ. ಮಕ್ಕಳಲ್ಲಿ ಕಾಣುವ ರಿಕೆಟ್ಸ್ ರೋಗದ ಬಂಧುವೇ ಇದು.

ಗೋಸುಂಬೆಗಳು ಈ ಲೆಕ್ಕವನ್ನು ತಾವೇ ಇಡುತ್ತವೆಂಬುದು ಅಚ್ಚರಿಯ ಸಂಗತಿ. ಆಹಾರದಲ್ಲಿ 'ಡಿ' ಜೀವಸತ್ತ್ವ ಕಡಮೆಯಿದ್ದ ಗೋಸುಂಬೆಗಳು ನೇರಳಾತೀತ ಬೆಳಕಿಗೆ ಹೆಚ್ಚು ಮೈಯೊಡ್ಡುತ್ತವೆಂದು ಅಮೆರಿಕದ ಫರ್ಗ್ಯುಸನ್ ಮತ್ತು ಅವರ ಸಂಗಡಿಗರು ೨೦೦೩ರಲ್ಲಿ ಪ್ರಕಟಿಸಿದರು. ಆದರೆ ಕಿಟಕಿಯ ಗಾಜಿನ ಹಿಂದೆ ಕುಳಿತ ಪ್ರಾಣಿ ಎಷ್ಟು ಮೈಯೊಡ್ಡಿದರೇನು? ಸಾಮಾನ್ಯ ಗಾಜು ಕಣ್ಣಿಗೆ ಕಾಣುವ ಬೆಳಕನ್ನು ಬಿಟ್ಟು, ಈ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಮನೆಯ ತಂತಿಯ ಬಲ್ಬಿನಲ್ಲಿಯೂ ಎಲ್‌ಇಡಿಯಲ್ಲಿಯೂ ಅವು ಇಲ್ಲ.

ಆಹಾರದಲ್ಲಿಯೂ ಕೊರತೆಯುಂಟು. ಜೀರುಂಡೆ ಮೊದಲಾದ ಹುಳುಗಳಲ್ಲಿ ರಂಜಕದ ಅಂಶ ಸುಣ್ಣಾಂಶಕ್ಕಿಂತ ಹಲವು ಪಟ್ಟು ಹೆಚ್ಚು. ಕಾಡಿನಲ್ಲಿ ಹತ್ತಾರು ಬಗೆಯ ಕೀಟಗಳನ್ನು ತಿಂದು, ಬಿಸಿಲಿನಲ್ಲಿ ಕುಳಿತು ಸರಿದೂಗಿಸಿಕೊಳ್ಳುವ ಪ್ರಾಣಿಗೆ ದಿನವೂ ಒಂದೇ ಬಗೆಯ ಹುಳು ಹಾಕಿದರೆ ಲೆಕ್ಕ ತಪ್ಪುತ್ತದೆ.

ಮಾಡಬಾರದ ಉಪಚಾರಗಳು

ಅನ್ನ, ಹಾಲು, ಬಿಸ್ಕತ್ತು ಇವು ಗೋಸುಂಬೆಯ ಆಹಾರವಲ್ಲ. ಬಾಯಿ ಬಿಡಿಸಿ ಆಹಾರ ತುರುಕುವುದು ಅನುಭವಿ ವೈದ್ಯರ ಕೆಲಸ. ಮರಿಯ ಮೆದು ದವಡೆ ಮುರಿಯಲು ಎರಡು ಬೆರಳುಗಳ ಬಲ ಸಾಕು. ಮನುಷ್ಯರ ಔಷಧಿಗಳನ್ನು ಅಳತೆಯಿಲ್ಲದೆ ಕೊಡಬಾರದು.

ನಮ್ಮ ಕರಾವಳಿಯವರು ತಿಳಿಯಬೇಕಾದ ಇನ್ನೆರಡು ಸಂಗತಿಗಳುಂಟು. ಮಳೆಗಾಲದಲ್ಲಿ ಅಡಕೆಯ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. ಸಿಂಪಡಿಸಿದ ತೋಟದ ಹುಳುಗಳನ್ನು ಹಿಡಿದು ರೋಗಿಯ ಮುಂದಿಡಬಾರದು. ಮತ್ತೊಂದು, ಮುಂಗಾರಿನ ಮೊದಲಿನಲ್ಲಿ ಮರಗಳನ್ನು ಬೆಳಗಿಸುವ ಮಿಣುಕುಹುಳು. ನೋಡಲು ಚೆಲುವಾದರೂ ಮಿಣುಕುಹುಳುಗಳಲ್ಲಿ ಹೃದಯಕ್ಕೆ ಮಾರಕವಾದ ವಿಷವಿರುವುದುಂಟು. ಅಮೆರಿಕದಲ್ಲಿ ಸಾಕಿದ ಆಸ್ಟ್ರೇಲಿಯದ ಓತಿಗಳು ಅಲ್ಲಿಯ ಮಿಣುಕುಹುಳುವನ್ನು ತಿಂದು ಸತ್ತ ಪ್ರಸಂಗಗಳನ್ನು ೧೯೯೯ರಲ್ಲಿ ವಿಜ್ಞಾನಿಗಳು ವರದಿಮಾಡಿದ್ದಾರೆ. ತನ್ನ ನಾಡಿನಲ್ಲಿ ಅಂತಹ ಹುಳುವನ್ನು ಕಾಣದ ಪ್ರಾಣಿಗೆ ಅದನ್ನು ಬಿಡಬೇಕೆಂಬ ತಿಳಿವಳಿಕೆ ಇರುವುದಿಲ್ಲ.

ಹಾಗೆಂದು ತಿನ್ನದ ಪ್ರತಿಯೊಂದು ದಿನವೂ ರೋಗದ ದಿನವಲ್ಲ. ಪೊರೆ ಕಳಚುವ ಮುನ್ನ ಒಂದೆರಡು ದಿನ ಗೋಸುಂಬೆ ಆಹಾರವನ್ನು ತೊರೆಯುತ್ತದೆ. ಆಗ ಚರ್ಮ ಬೂದಿ ಬಳಿದಂತೆ ಕಾಣುತ್ತದೆ, ಕಣ್ಣುಗಳು ಮಾತ್ರ ಚುರುಕಾಗಿರುತ್ತವೆ. ತೂಕವನ್ನು ದಿನವೂ ಒಂದೇ ಹೊತ್ತಿಗೆ ಬರೆದಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಹನ್ನೊಂದು ಗ್ರಾಂ ತೂಗುವ ಪ್ರಾಣಿ ಒಂದು ಗ್ರಾಂ ಕಳೆದುಕೊಳ್ಳುವುದೆಂದರೆ ಐವತ್ತೈದು ಕಿಲೋಗ್ರಾಂ ತೂಕದ ಮನುಷ್ಯ ಐದು ಕಿಲೋಗ್ರಾಂ ಇಳಿದಂತೆ.

ಕಾಯಿದೆಯ ಮಾತು

ಇದುವರೆಗೆ ಹೇಳಿದ್ದು ಪ್ರಾಣಿಯನ್ನು ವೈದ್ಯರ ಕೈಗೆ ಮುಟ್ಟಿಸುವ ತನಕದ ಉಪಚಾರವೇ ಹೊರತು ಮನೆಯಲ್ಲಿ ಸಾಕುವ ವಿಧಾನವಲ್ಲ. ನಮ್ಮ ದೇಶದ ಗೋಸುಂಬೆಯು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಪಡೆದ ಪ್ರಾಣಿ. ಆ ಕಾಯಿದೆಯಲ್ಲಿ ಬೇಟೆ ಎಂಬ ಮಾತಿಗೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಅರ್ಥ. ಇಂತಹ ಪ್ರಾಣಿ ಯಾವ ರೀತಿಯಿಂದಾದರೂ ಕೈಸೇರಿದರೆ ೪೮ ಗಂಟೆಗಳೊಳಗೆ ಅಧಿಕಾರಿಗಳಿಗೆ ತಿಳಿಸಬೇಕೆಂಬ ನಿಯಮವೂ ಅದರಲ್ಲಿದೆ. ವಿದೇಶದ ಗೋಸುಂಬೆಗಳನ್ನು ಕೊಂಡು ಸಾಕುವವರಿಗೂ ಅಂತಹ ಪ್ರಾಣಿಗಳನ್ನು ನೋಂದಾಯಿಸುವ ನಿಯಮಗಳು ೨೦೨೪ರಲ್ಲಿ ಜಾರಿಗೆ ಬಂದಿವೆ.

ವೇಣೂರಿನ ಮನೆಯಲ್ಲಿ ನಾವು ಈ ಮಾತನ್ನು ಎತ್ತಿದಾಗ ಎಲ್ಲರ ಮುಖ ಕಳೆಗುಂದಿತು. ಎಂಟು ದಿನಗಳು ಕಳೆದಿದ್ದವು. "ಕೇಸು ಹಾಕಿದರೆ ಏನು ಮಾಡುವುದು? ರಾತ್ರಿ ತೋಟದಲ್ಲಿ ಬಿಟ್ಟುಬಿಡುವ" ಎಂದರು ಅಜ್ಜಿ. ಅವರ ಭಯ ಅಕಾರಣವಾದುದಲ್ಲ. ಆದರೆ ತೋಟದಲ್ಲಿ ಬಿಡುವುದೆಂದರೆ ಬಿಸಿಲಿಲ್ಲದ ಆ ಮಳೆಯಲ್ಲಿ, ಎಂಟು ದಿನ ಉಪವಾಸವಿದ್ದ ಒಣನಾಡಿನ ಮರಿಯನ್ನು ಸಾವಿಗೆ ಒಪ್ಪಿಸಿದಂತೆ. ಭಯಪಟ್ಟು ಮುಚ್ಚಿಟ್ಟ ಕಾರಣದಿಂದಲೇ ಸಾಯುವ ವನ್ಯಪ್ರಾಣಿಗಳು ಎಷ್ಟೋ. ಹುಡುಗನು ತೊಟ್ಟಿಯನ್ನು ಬಿಟ್ಟು ಕದಲಲಿಲ್ಲ. ಕೊನೆಗೆ ಅವನ ತಂದೆಯೇ ಅರಣ್ಯ ಇಲಾಖೆಯವರಿಗೆ ಫೋನು ಮಾಡಿ ನಡೆದುದನ್ನು ನಡೆದಂತೆ ತಿಳಿಸಿದರು.

ಆ ರಾತ್ರಿ ನಾವು ಮಾಡಿಸಿದ್ದು ಅಲ್ಪವೇ. ಗಾಜಿನ ತೊಟ್ಟಿಯ ಬದಲು ಬಲೆಯ ಬಟ್ಟೆ ಹೊದಿಸಿದ ಬುಟ್ಟಿ, ಅದರಲ್ಲಿ ದಾಸವಾಳದ ರೆಂಬೆ, ಕೋಳಿಮರಿಗಳ ಗೂಡಿನಿಂದ ತಂದ ನಲವತ್ತು ವಾಟಿನ ತಂತಿಯ ಬಲ್ಬು ಒಂದು ಅಡಿ ದೂರದಲ್ಲಿ, ಮೇಲೆ ತೊಟ್ಟಿಕ್ಕುವ ಡಬ್ಬಿ. ಸಂಜೆಯವರೆಗೆ ದೀಪ, ಬಳಿಕ ಕತ್ತಲೆ. ಮಿಡತೆಗಳನ್ನು ಹೊರಗೆ ಬಿಡಲಾಯಿತು. ದೀಪವಿಟ್ಟ ಒಂದು ಗಂಟೆಯ ಮೇಲೆ ಮುಚ್ಚಿದ್ದ ಕಣ್ಣು ತೆರೆಯಿತು; ಕತ್ತಲಾಗುವ ಮುನ್ನ ಮರಿಯು ಎಲೆಯ ತುದಿಯಿಂದ ನಾಲ್ಕೈದು ಹನಿ ನೆಕ್ಕಿತು. ಮರುದಿನ ಇಲಾಖೆಯ ಸಿಬ್ಬಂದಿ ಬಂದು, ಮನೆಯವರಿಗೆ ಬುದ್ಧಿ ಹೇಳಿ, ಹೇಳಿಕೆ ಬರೆದುಕೊಂಡು ಮರಿಯನ್ನು ಒಯ್ದರು. ವನ್ಯಪ್ರಾಣಿಗಳ ವೈದ್ಯರು ಅದರ ಮಲವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕರುಳಿನ ಹುಳುವಿಗೆ ಔಷಧಿ ಕೊಟ್ಟರೆಂದೂ, ಐದನೆಯ ದಿನ ಮರಿಯು ತಾನಾಗಿ ಮಿಡತೆ ಹಿಡಿಯಿತೆಂದೂ, ತೂಕ ಕೂಡಿದ ಬಳಿಕ ಅದನ್ನು ಬಯಲುಸೀಮೆಯಲ್ಲಿ ಬಿಟ್ಟರೆಂದೂ ತರುವಾಯ ನಮಗೆ ತಿಳಿಯಿತು. ಎಲ್ಲ ಮರಿಗಳ ಕಥೆಯೂ ಹೀಗೆ ಮುಗಿಯುವುದಿಲ್ಲ. ತಡವಾದರೆ ಮೂತ್ರಪಿಂಡಗಳು ಕೆಟ್ಟು ಯಾವ ಉಪಚಾರವೂ ಫಲಿಸದೆ ಹೋಗುತ್ತದೆ.

ರಸ್ತೆಯ ನಡುವೆ ಗೋಸುಂಬೆಯನ್ನು ಕಂಡರೆ ಮಾಡಬೇಕಾದ ಉಪಕಾರ ಬಹಳ ಚಿಕ್ಕದು. ಅದು ಯಾವ ಕಡೆಗೆ ಮುಖ ಮಾಡಿತ್ತೋ ಆ ಕಡೆಯ ಪೊದೆಗೆ, ಒಂದು ಕೋಲಿನ ಮೇಲೆ ಹತ್ತಿಸಿಕೊಂಡು ದಾಟಿಸಿದರಾಯಿತು. ಗಾಯಗೊಂಡಿದ್ದರೆ ಸಮೀಪದ ಅರಣ್ಯ ಕಚೇರಿಗೆ ತಿಳಿಸಬೇಕು. ಬಿಸಿಲು, ಹನಿ, ಹಸುರೆಲೆ, ಹಲಬಗೆಯ ಕೀಟ ಇವಿಷ್ಟನ್ನು ಒಂದು ಜಾಲಿಯ ಮರ ಅದಕ್ಕೆ ಖರ್ಚಿಲ್ಲದೆ ಒದಗಿಸುತ್ತದೆ. ಅವನ್ನೇ ಮನೆಯೊಳಗೆ ಒದಗಿಸಲು ಹೊರಟರೆ ಎಷ್ಟು ಬಲ್ಬು, ಎಷ್ಟು ಡಬ್ಬಿ, ಎಷ್ಟು ಲೆಕ್ಕ ಬೇಕಾಗುತ್ತದೆಂಬುದನ್ನು ವಾಚಕರು ಈಗಾಗಲೇ ಕಂಡಿದ್ದಾರೆ.